ಬೈಬಲಿನಲ್ಲಿ ಇಲ್ಲ ಎಂದು ನಾನು ಬರೆದ ಕಥೆ

ಸೋಮವಾರ ಬೆಳಗ್ಗೆ ಫಿಲೋಮಿನಾ ಟೀಚರ್ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ದಪ್ಪನೆಯ ಬೈಬಲ್, ಕೈಯಲ್ಲಿ ನಾನು ಕೆಲಸ ಮಾಡುವ ಪತ್ರಿಕೆಯಿಂದ ಕತ್ತರಿಸಿದ ಒಂದು ತುಣುಕು. ಕಾಫಿ ಬೇಡವೆಂದರು. ಕೂರಲೂ ಇಲ್ಲ.

ಜಯನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಎರಡು ಖಾಲಿ ಸೈಟು. (ಅವರ ರೇಡಿಯೋ ನಮಗೆ ಕೇಳಿಸುತ್ತದೆ.) ಮೂರನೇ ತರಗತಿಗೆ ಪಾಠ ಹೇಳುವ ಅವರು ಹೋದ ತಿಂಗಳು ನಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆ ಬೈಬಲಿನ ಕಥೆಯೊಂದನ್ನು ಬರೆದಿದ್ದರು. ಕುರುಡು ತಂದೆ, ದೂರದೂರಿಗೆ ಹೊರಟ ಮಗ, ಜತೆಗೆ ಮನುಷ್ಯವೇಷದ ಒಬ್ಬ ದೇವದೂತ ಮತ್ತು ಒಂದು ನಾಯಿ. ಮಗ ತಂದ ಮೀನಿನ ಪಿತ್ತ ಹಚ್ಚಿದಾಗ ತಂದೆಗೆ ಕಣ್ಣು ಬರುತ್ತದೆ.

ಓದುಗರೊಬ್ಬರು ಪತ್ರ ಬರೆದರು: "ನಾನು ಹುಟ್ಟು ಕ್ರೈಸ್ತ. ಇಂಥ ಕಥೆ ಬೈಬಲಿನಲ್ಲಿಲ್ಲ."

ಮೂಲ ನೋಡದೆ ತಿದ್ದುಪಡಿ ಹಾಕಬಾರದು ಎನ್ನುವುದು ನಮ್ಮ ಕಚೇರಿಯ ನಿಯಮ. ನೋಡಿದೆ. ಕಪಾಟಿನಲ್ಲಿದ್ದ ಕನ್ನಡ ಬೈಬಲಿನ ಪರಿವಿಡಿಯನ್ನು ಎರಡು ಸಲ ಬೆರಳಿಟ್ಟು ಓದಿದೆ. ಕಥೆಯ ಕೆಳಗೆ ಟೀಚರ್ ಕೊಟ್ಟಿದ್ದ, ಬೈಬಲಿನೊಳಗಿನ ಪುಸ್ತಕದ ಹೆಸರು ಅದರಲ್ಲಿ ಇರಲಿಲ್ಲ. ಮರುದಿನ ಎರಡು ಸಾಲು ಅಚ್ಚಾಯಿತು: "ಈ ಕಥೆ ಬೈಬಲಿನದಲ್ಲ. ಲೇಖಕಿಯ ತಪ್ಪಿಗೆ ವಿಷಾದಿಸುತ್ತೇವೆ." ಶಿಸ್ತಿನ ಕೆಲಸ ಮಾಡಿದೆ ಅಂದುಕೊಂಡೆ.

ಟೀಚರ್ ತಮ್ಮ ಇಂಗ್ಲಿಷ್ ಬೈಬಲನ್ನು ತೆರೆದು ಮೇಜಿನ ಮೇಲಿಟ್ಟರು. ಕಥೆ ಇತ್ತು. ನಾಯಿಯೂ ಇತ್ತು.

"ನಾವು ಕ್ಯಾಥೊಲಿಕರು, ಸಾರ್. ಇಂಥ ಕೆಲವು ಪುಸ್ತಕ ನಮಗೆ ಬೈಬಲ್ಲೇ. ಪ್ರಾಟೆಸ್ಟೆಂಟರು ಒಪ್ಪಲ್ಲ. ನಿಮ್ಮ ಆಫೀಸಲ್ಲಿರೋದು ಅವರದೇ ಇರ್ಬೇಕು. ಐನೂರು ವರ್ಷದ ಜಗಳಾನ ನೀವು ಎರಡು ಸಾಲಲ್ಲಿ ಮುಗಿಸಿಬಿಟ್ರಲ್ಲ!"

ನಾನು ಬರೆಯಬಹುದಾಗಿದ್ದ ಸತ್ಯ ಇಷ್ಟೇ: ನಾನು ನೋಡಿದ ಪ್ರತಿಯಲ್ಲಿ ಇಲ್ಲ. ಬೈಬಲಿನಲ್ಲೇ ಇಲ್ಲ ಎನ್ನಲು ನಾನ್ಯಾರು? ಹುಟ್ಟು ಕ್ರೈಸ್ತರೊಬ್ಬರ ಪತ್ರವನ್ನು ನಂಬಿದೆ. ಟೀಚರೂ ಹುಟ್ಟು ಕ್ರೈಸ್ತರೇ ಎನ್ನುವುದು ಹೊಳೆಯಲೇ ಇಲ್ಲ. ಪರಿವಿಡಿಯನ್ನು ಎರಡು ಸಲ ಓದಿದವನು ಎರಡು ಸೈಟು ದಾಟಿ ಒಂದು ಮಾತು ಕೇಳಲಿಲ್ಲ.

"ತಪ್ಪಾಯ್ತು ಟೀಚರ್. ಪೇಪರ್‌ನಲ್ಲೇ ಬರೀತೀನಿ."

"ಬರೀರಿ. ಆದ್ರೆ ನನ್ನ ಕ್ಲಾಸ್ ಮಕ್ಕಳು ಪೇಪರ್ ಓದಲ್ಲ ಸಾರ್. ಅವರಪ್ಪಂದಿರು ಓದಿ ಹೇಳಿದ್ದಾರೆ, ನಿಮ್ಮ ಮಿಸ್ ಸುಳ್ಳು ಹೇಳ್ತಾರೆ ಅಂತ. ಈಗ ಏಳರ ಮಗ್ಗಿ ಹೇಳಿಕೊಟ್ರೂ 'ನಿಜಾನಾ ಮಿಸ್?' ಅಂತಾವೆ. ನೀವೇ ಬಂದು ಹೇಳಿ."

ಬುಧವಾರ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ. ಏನು ಹೇಳಬೇಕೆಂದು ಮೂರು ಸಲ ಬರೆದು ಮೂರು ಸಲವೂ ಹರಿದುಹಾಕಿದೆ.

ಹದಿನೆಂಟು ವರ್ಷ ಮಂತ್ರಿಗಳಿಗೆ ಮುಖಾಮುಖಿ ಪ್ರಶ್ನೆ ಕೇಳಿದವನಿಗೆ ಮೂರನೇ ತರಗತಿಯ ಬಾಗಿಲು ದಾಟಲು ಇಷ್ಟೊಂದು ಭಯವೇಕೆ?