ಸಂಜೀವಣ್ಣನ ಮೆಸ್ಸಿಗೆ ಬಾರದ ಅಕ್ಕಿ

ಮೊನ್ನೆ ಶುಕ್ರವಾರ ಬೆಳಿಗ್ಗೆ ಕುವೈತಿನ ರುಮೈಥಿಯಾದ ಅಂಗಡಿಯೊಂದರಲ್ಲಿ ಕುಚ್ಚಲಕ್ಕಿಯ ಚೀಲ ಹರಿದು ಕೆಂಪು ಕಾಳು ನೆಲಕ್ಕೆಲ್ಲ ಚೆಲ್ಲಿತ್ತು. ಆ ವಾಸನೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಅದು ಸುವಾಸನೆಯೇನಲ್ಲ. ನಾನು ಮಾತ್ರ ಬೇರೇನೋ ಹುಡುಕುವವನ ಹಾಗೆ ಅಲ್ಲೇ ಸುಳಿದಾಡಿದೆ.

ಸಂಜೀವಣ್ಣನ ಮೆಸ್ ಇದ್ದದ್ದು ಮೈದಾನ್ ಹವಲ್ಲಿಯ ಹಳೆಯ ಕಟ್ಟಡವೊಂದರ ಕೆಳಗೆ. ತಿಂಗಳಿಗೆ ಇಷ್ಟೆಂದು ಕೊಟ್ಟರೆ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅನ್ನಕ್ಕೆ ಮಿತಿಯಿಲ್ಲ. ಟೈಲ್ಸ್ ಹಾಕುವವರು, ಡ್ರೈವರುಗಳು, ಆಹಾರ ಆಮದಿನ ಕಂಪೆನಿಯಲ್ಲಿ ಗುಮಾಸ್ತನಾದ ನಾನು, ಎಲ್ಲ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದೆವು. ನನ್ನದು ಅರ್ಥಶಾಸ್ತ್ರದ ಬಿ.ಎ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ನಮ್ಮ ಕುಟುಂಬಕ್ಕೇ ಮೊದಲ ಡಿಗ್ರಿ. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಾಳಿ ನನಗಿದೆ. ನೋಡಿ, ನಿಮಗೂ ಹೇಳಿಬಿಟ್ಟೆ.

"ಡಿಗ್ರಿಯವರು ಬಂದ್ರು, ಜಾಗ ಬಿಡಿ ಮಾರಾಯ್ರೆ!" ಎಂದು ಸಂಜೀವಣ್ಣ ಸೌಟು ಎತ್ತಿ ಕೂಗುತ್ತಿದ್ದರು. ತಮಾಷೆಯ ಹಿಂದೆ ಆಸೆಯೂ ಇತ್ತು. ಊರಲ್ಲಿ ಅವರ ಮಗಳು ನರ್ಸಿಂಗ್ ಸೇರಿದ್ದಳು. "ಅವಳೊಬ್ಬಳು ನಿಮ್ಮ ಹಾಗೆ ಆಗ್ಲಿ. ಆಮೇಲೆ ಈ ಒಲೆಗೊಂದು ಕೈ ಮುಗಿದು ಹೋಗ್ತೇನೆ."

ಅಷ್ಟರಲ್ಲಿ ಊರಲ್ಲಿ ಅಕ್ಕಿ ತುಟ್ಟಿಯಾಯಿತು. ನಮ್ಮ ಸರ್ಕಾರ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಹೊರಗೆ ಹೋಗುವ ಕುಚ್ಚಲಕ್ಕಿಗೆ ಸುಂಕ ಹಾಕಿತು. ಕುವೈತಿನಲ್ಲಿ ಗದ್ದೆಯಿಲ್ಲ. ಎಣ್ಣೆ ಮಾರಿ ಅನ್ನ ತರಿಸುವ ಸಣ್ಣ ದೇಶ ಇದು. ಬಂದರಿನ ಬಾಗಿಲು ಎಷ್ಟು ಅಗಲ ತೆರೆದಿಟ್ಟರೂ ಅಕ್ಕಿ ಹೊರಡುವ ಕಡೆಯ ಚಿಲಕ ಬೇರೆಯವರ ಕೈಯಲ್ಲಿರುತ್ತದೆ. ಬಂದ ಅಲ್ಪಸ್ವಲ್ಪ ಅಕ್ಕಿಯೂ ದುಬಾರಿಯಾಯಿತು. ಊಟದ ದರ ಏರಿಸೋಣವೆಂದರೆ, ಜನರಿಗೆ ಹೊರೆಯಾಗಬಾರದೆಂದು ಇಲ್ಲಿನ ಸರ್ಕಾರ ಬೆಲೆಗಳ ಮೇಲೆ ಕಣ್ಣಿಟ್ಟಿತ್ತು. ಎರಡೂ ಕಡೆಯವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ನಾನು ಓದಿದ ಪುಸ್ತಕಗಳಲ್ಲಿ ಎರಡಕ್ಕೂ ಕಾರಣಗಳಿವೆ.

"ಬೇರೆ ದೇಶದ ಅಕ್ಕಿ ಉಂಟಲ್ಲ ಅಣ್ಣ, ಉದ್ದ ಕಾಳಿಂದು?" ಎಂದೆ.

"ಅದು ಹೊಟ್ಟೇಲಿ ನಿಲ್ಲುದಿಲ್ಲ ಮಾರಾಯ್ರೆ. ಅದನ್ನು ತಿಂದು ಇವರು ಟೈಲ್ಸ್ ಹೊರ್ಲಿಕ್ಕುಂಟಾ?"

ಆದರೂ ಬೇಯಿಸಿದರು. ಡ್ರೈವರುಗಳು ಒಬ್ಬೊಬ್ಬರಾಗಿ ಬೇರೆಡೆ ಹೋದರು. ಆ ದಿನಗಳಲ್ಲೇ ಅಮ್ಮ ಫೋನಿನಲ್ಲಿ ಹಿಗ್ಗಿದಳು: "ಅಕ್ಕಿ ರೇಟು ಇಳ್ದಿದೆ ಮಗಾ, ಈಗ ಸ್ವಲ್ಪ ಉಸಿರಾಡ್ಲಿಕ್ಕಾಗ್ತದೆ." ತಡೆಯಲಾರದೆ ಇದನ್ನು ಸಂಜೀವಣ್ಣನಿಗೂ ಹೇಳಿದೆ. ಅವರು ಪಾತ್ರೆಯ ತಳ ಕೆರೆಯುತ್ತಾ, "ಒಳ್ಳೇದಾಯ್ತು. ಅಮ್ಮ ಉಣ್ಲಿ," ಎಂದರು. ಮತ್ತೆ ಸೌಟು ಬದಿಗಿಟ್ಟು, "ನನ್ನ ಮೆಸ್ ಮಾತ್ರ ಅಲ್ಲಿಯ ಲೆಕ್ಕಕ್ಕೂ ಇಲ್ಲ, ಇಲ್ಲಿಯ ಲೆಕ್ಕಕ್ಕೂ ಇಲ್ಲ."

ಕೊನೆಗೊಂದು ದಿನ ಅನ್ನವನ್ನು ಬಟ್ಟಲಲ್ಲಿ ಅಳೆದು ಬಡಿಸಿದರು. ಟೈಲ್ಸಿನ ಬಿಹಾರಿಯೊಬ್ಬ ತಟ್ಟೆ ಮುಂದೆ ಚಾಚಿ, "ಔರ್ ಚಾವಲ್, ಭಾಯಿ?" ಎಂದ. ಸಂಜೀವಣ್ಣ "ಖಲಾಸ್" ಎಂದು ಒಳಗೆ ಹೋದವರು ನಾವು ಕೈ ತೊಳೆದು ಎದ್ದರೂ ಹೊರಗೆ ಬರಲಿಲ್ಲ. ಮರುವಾರ ಬಾಗಿಲಿಗೆ ಬೀಗ. ಲೈಸೆನ್ಸ್ ಕಫೀಲನದ್ದು, ಅಂದರೆ ಸಂಜೀವಣ್ಣನಿಗೆ ವೀಸಾ ಕೊಟ್ಟ ಇಲ್ಲಿನ ಧಣಿಯದ್ದು. ಅವನು ಮಳಿಗೆಯನ್ನು ಮೊಬೈಲ್ ರಿಪೇರಿಯವನಿಗೆ ಕೊಟ್ಟ. ಮೆಸ್ಸಿನೊಂದಿಗೆ ಇಲ್ಲಿ ಉಳಿಯಲು ಸಂಜೀವಣ್ಣನಿಗಿದ್ದ ಪರವಾನಗಿ, ಇಕಾಮಾವೂ ಮುಗಿಯಿತು. ವಿಮಾನ ಹತ್ತುವ ಮುನ್ನ "ಮಗಳ ಓದು ಹೇಗಾದ್ರೂ ಮುಗಿಸ್ತೇನೆ" ಎಂದಿದ್ದರು.

ಈಗ ತಡೆಯೂ ಇಲ್ಲ, ಸುಂಕವೂ ಇಲ್ಲ. ಮೊನ್ನೆಯ ಆ ಅಂಗಡಿಯ ಕಪಾಟು ತುಂಬ ಅಕ್ಕಿ. ಅದರೆದುರೇ ನಿಂತು ಊರಿಗೆ, ಸಂಜೀವಣ್ಣನ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು.

"ಓದು ಮುಗೀತಾ ಮಗಾ?"

"ಇಲ್ಲ ಅಂಕಲ್, ಎರಡನೇ ವರ್ಷದಲ್ಲೇ ಬಿಟ್ಟೆ. ಈಗ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತೇನೆ. ಇವತ್ತು ರಜೆ." ದೂರಿನ ದನಿಯಾಗಿರಲಿಲ್ಲ ಅದು. "ಅಪ್ಪ ಊಟಕ್ಕೆ ಕೂತಿದ್ದಾರೆ. ಕೊಡ್ಲಾ?"

ಅವರಿಗೆ ಹೇಳಬೇಕೆಂದುಕೊಂಡಿದ್ದು ಇಷ್ಟೇ: ಅಕ್ಕಿ ಬಂದಿದೆ ಸಂಜೀವಣ್ಣ.

"ಬೇಡ ಮಗಾ," ಎಂದೆ. "ಉಣ್ಲಿ."