ನೋವಿಲ್ಲದ ಮಧ್ಯಾಹ್ನ

ಮೊಣಕೈ ಮೂಳೆಯ ಪಕ್ಕ ಅಂಟಿಸಿದ್ದ ಹತ್ತಿಯಲ್ಲಿ ರಾಗಿಕಾಳಿನಷ್ಟು ರಕ್ತ ಇಂಗಿ ಕಂದುಬಣ್ಣಕ್ಕೆ ತಿರುಗಿತ್ತು. ಬಸ್ಸಿನ ಕಿಟಕಿಯ ಬಳಿ ಕೂತ ಅವ್ವ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು, ಒಂದು ಗಳಿಗೆ ಹಿಡಿದುಕೊಂಡಿರಿ ಎಂದು ಯಾರೋ ಕೊಟ್ಟುಹೋದ ಸಾಮಾನಿನ ಹಾಗೆ.

ಮೈಸೂರಿನ ಡಾಕ್ಟರು ಅದನ್ನು ಟೆನಿಸ್ ಎಲ್ಬೋ ಎಂದಿದ್ದರು. ಮುದ್ದೆ ತಿರುವಿ, ಬಟ್ಟೆ ಹಿಂಡಿ, ವರ್ಷವರ್ಷವೂ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬಂದ ನೋವು. ಯುಗಾದಿಯಿಂದೀಚೆಗೆ ಅವಳಿಗೆ ನೀರಿನ ಚೊಂಬನ್ನೂ ಬಲಗೈಯಲ್ಲಿ ಎತ್ತಲಾಗುತ್ತಿರಲಿಲ್ಲ. ಮಾತ್ರೆಗೂ ವ್ಯಾಯಾಮಕ್ಕೂ ಬಗ್ಗದಿದ್ದಾಗ, ನರಕ್ಕೆ ಇಂಜೆಕ್ಷನ್ ಕೊಟ್ಟು ಪರೀಕ್ಷಿಸೋಣ ಎಂದರು. ಕೈ ಆಡುತ್ತದೆ, ನೋವಿನ ಎಳೆಯಷ್ಟೇ ಮಲಗುತ್ತದೆ, ಅದೂ ಸಂಜೆಯವರೆಗೆ ಮಾತ್ರ. ಅಷ್ಟರೊಳಗೆ ನೋವು ಬರಿಸುವ ಕೆಲಸಗಳನ್ನೇ ಮಾಡಿ ನೋಡಬೇಕು. ನೋವು ಬಾರದಿದ್ದರೆ ನರಕ್ಕೇ ಚಿಕಿತ್ಸೆ. ಬಂದರೆ ಆಪರೇಷನ್ ಬಗ್ಗೆ ಯೋಚಿಸಬೇಕು. ಆ ಮಾತಿಗೆ ಅವ್ವ ಸೆರಗನ್ನು ಕೈಮೇಲೆ ಎಳೆದುಕೊಂಡಳು.

"ಕೆಲಸ ಮಾಡಿಸಿ ನೋಡೋ ಜವಾಬ್ದಾರಿ ನಿಮ್ಮದು," ಎಂದು ಡಾಕ್ಟರು ನನಗೆ ಹೇಳಿದ್ದರು.

ಹುಣಸೂರು ದಾಟಿ ವೀರನಹೊಸಹಳ್ಳಿ ರಸ್ತೆಗೆ ಬರುವಾಗ ಅವ್ವ ಮೊಣಕೈಯನ್ನು ಮೆಲ್ಲಗೆ ತಟ್ಟಿ ನೋಡಿದಳು.

"ಇಲ್ಲೇನೂ ಇಲ್ಲ ಕಣೆ. ಖಾಲಿ."

ಅಪ್ಪ ಜಗಲಿಯಲ್ಲೇ ಕಾಯುತ್ತಿದ್ದರು. ರೋಗದ ಹೆಸರು ಕೇಳಿ, "ಟೆನಿಸ್ಸಾ? ಊರಲ್ ಯಾರ್ಗೂ ಗೊತ್ತಾಗ್ದಂಗೆ ಎಲ್ಲಾಡ್ತಿದ್ಲೋ," ಎಂದರು.

ಅವ್ವ ಹಿಂಡಿ ನೋಡಲೆಂದು ನಾನು ಬಕೆಟ್ಟಿನಲ್ಲಿ ದಪ್ಪ ಹೊದಿಕೆಯೊಂದನ್ನು ನೆನೆಸಿ, ಎತ್ತಿ ನೋಡಲೆಂದು ಕೊಡಪಾನ ತುಂಬಿಸಿಟ್ಟು ಒಳಗೆ ಬಂದೆ. ಅವ್ವ ನಡುಮನೆಯಲ್ಲಿ ಚಾಪೆ ಹಾಸಿ, ಬಲಗೈಯನ್ನು ಕೆನ್ನೆಯಡಿ ಇಟ್ಟುಕೊಂಡು ಬಲಮಗ್ಗುಲಾಗಿ ಮಲಗಿದ್ದಳು. "ಒಸಿ ಒರಗ್ತೀನಿ," ಎಂದದ್ದು ಅರ್ಧ ಕೇಳಿಸಿತು. ಅಷ್ಟು ತಿಂಗಳು ಅವಳು ಆ ಮಗ್ಗುಲಿಗೆ ತಿರುಗಿಯೇ ಇರಲಿಲ್ಲ.

ಎಬ್ಬಿಸಬೇಕಿತ್ತು. ಗೋಡೆಗೊರಗಿ ಕೂತೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ಚೌಕ ಅವ್ವನ ಪಾದದ ಮೇಲೆ ಹತ್ತಿ, ಸೀರೆಯ ಅಂಚಿನಗುಂಟ ಸರಿಯುತ್ತಿತ್ತು. ಮನೆಯೇ ಕೆರೆಯ ತಳದಲ್ಲಿದ್ದ ಹಾಗೆ ಶಬ್ದಗಳೆಲ್ಲ ಮೇಲೆಲ್ಲೋ ತೇಲುತ್ತಿದ್ದವು: ರಸ್ತೆಯ ಟ್ರ್ಯಾಕ್ಟರು, ಯಾರದೋ ಮನೆಯ ಕೋಳಿ. ಇಷ್ಟು ಹೊತ್ತು ಆ ನೋವು ಎಲ್ಲಿದ್ದೀತು ಎಂದುಕೊಂಡೆ. ಚಪ್ಪಲಿ ಬಿಟ್ಟು ಹೊರಗೆ ಕೂತಿರಬಹುದು, ಒಳಗೆ ಕರೆಯುವವರೆಗೆ.

ಅಪ್ಪ ಇಣುಕಿದರು. "ಏಳ್ಸಲ್ವಾ?"

"ಇನ್ನೊಂಚೂರು ಹೊತ್ತು."

"ಪರೀಕ್ಸೆ ದಿನ ಗೊರಕೆ ಹೊಡೀತಾವ್ಳೆ ನಿಮ್ಮವ್ವ. ಪಾಸಾದಂಗೆ ಬುಡು."

ಬಿಸಿಲಿನ ಚೌಕ ಚಾಪೆ ದಾಟಿ ಗೋಡೆ ಹತ್ತಿತು. ಅವ್ವನ ಕೈ ಕೆನ್ನೆಯಡಿಯಿಂದ ಜಾರಿ ಮುಂದಕ್ಕೆ ಬಿದ್ದಿತ್ತು. ರವಿಕೆಯ ತೋಳು ತಾಕಿದರೂ ಅವಳು ಉಸಿರು ಎಳೆದುಕೊಳ್ಳುತ್ತಿದ್ದ ಆ ಮೂಳೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಅಲುಗಲಿಲ್ಲ. ಇನ್ನಷ್ಟು ಒತ್ತಿದೆ. ಅವಳ ಅದೇ ಬಲಗೈ ಎದ್ದು ನನ್ನ ಮಣಿಕಟ್ಟನ್ನು ಹಿಡಿಯಿತು. ನನ್ನ ಬಳೆ ಚರ್ಮಕ್ಕೆ ಒತ್ತಿತು.

"ಸುಮ್ನಿರೆ. ಇನ್ನೊಸಿ ಮನಿಕತೀನಿ."

ಮುಖದಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಕೈಯನ್ನೂ ಬಿಡಲಿಲ್ಲ. ನಾನು ಹಾಗೇ ಪಕ್ಕದಲ್ಲಿ ಒರಗಿದೆ. ಅವಳ ಉಸಿರಿನ ಲಯಕ್ಕೆ ನನ್ನದೂ ಸೇರಿಕೊಂಡಿತು.

ಅಪ್ಪ ದೀಪ ಹಾಕಿದಾಗಲೇ ನನಗೆ ಎಚ್ಚರ. ಅವ್ವ ಎದ್ದು ಕೂತು ಮೊಣಕೈ ನೀವಿಕೊಳ್ಳುತ್ತಿದ್ದಳು.

"ಬಂತಾ?"

"ಬಂತು." ಸೆರಗನ್ನು ಮತ್ತೆ ಕೈಮೇಲೆ ಎಳೆದುಕೊಂಡು, "ಒಂದು ಕೆಲ್ಸಾನೂ ಮಾಡ್ನಿಲ್ವಲ್ಲ. ಇನ್ನು ಕುಯ್ತಾರಾ?" ಎಂದಳು.



ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಯಾವ ಕೆಲಸವನ್ನೂ ಮಾಡಿಸಲಿಲ್ಲ, ಬಲಮಗ್ಗುಲಿಗೆ ನಿದ್ದೆ ಮಾಡಿದರು, ಒತ್ತಿದರೆ ತಿಳಿಯಲಿಲ್ಲ, ಅದೇ ಬಲಗೈಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು ಎಂದು ನಡೆದಷ್ಟನ್ನೇ ಹೇಳಿದೆ.

"ಎಷ್ಟು ಬಿಗಿಯಾಗಿ?"

"ಬಳೆ ಅಚ್ಚು ಬೀಳೋಷ್ಟು."

"ಆಗ ಮುಖ ಹಿಂಡಿದ್ರಾ?"

"ಇಲ್ಲ."

 ಈ ಪರೀಕ್ಷೆಯಲ್ಲಿ ಹಿಡಿತವೇ ಮುಖ್ಯ, ಅದಕ್ಕೆ ನೋವು ಬರಲಿಲ್ಲವಲ್ಲ, ಆಪರೇಷನ್ ಮಾತು ಸದ್ಯಕ್ಕೆ ಬೇಡ, ಇನ್ನೊಂದು ಸಲ ಇಂಜೆಕ್ಷನ್ ಕೊಟ್ಟು ನೋಡೋಣ ಎಂದರು. ಸೋಮವಾರಕ್ಕೆ ಸಮಯ ಕೇಳಿಕೊಂಡು, ಒಲೆಯ ಮುಂದಿದ್ದ ಅವ್ವನಿಗೆ ಹೇಳಲು ಒಳಗೆ ಹೋದೆ.