ಗೋಡೆ ಹಿಡಿಯದ ಈಜುಗಾರರು

ಮೊನ್ನೆ ನಮ್ಮ ಮನೆಯ ಮೆಟ್ಟಿಲಿಗೆ ಸ್ಟೀಲಿನ ರೇಲಿಂಗ್ ಬಂತು. ನನಗಾಗಿಯೇ ಹಾಕಿಸಿದ್ದಂತೆ. "ಹಿಡಕೊಂಡ ಇಳೀರಿ, ಯಾರ ನೋಡ್ತಾರ" ಎಂದಳು ಹೆಂಡತಿ. ಯಾರು ನೋಡುತ್ತಾರೆ ಎನ್ನುವುದೇ ಅಲ್ಲವೇ ಪ್ರಶ್ನೆ? ಕೈ ಹಿಂದೆ ಕಟ್ಟಿಕೊಂಡು, ಮೊಣಕಾಲಿನ ಬೈಗುಳ ಕೇಳುತ್ತ, ಠೀವಿಯಿಂದ ಇಳಿದೆ. ಕೆಳಗೆ ಬಂದ ಮೇಲೆ ಯಾರೂ ಇಲ್ಲದ್ದು ನೋಡಿ ಒಮ್ಮೆ ಮುಟ್ಟಿದೆ. ತಣ್ಣಗಿತ್ತು. ಹಾವೇರಿಯ ಈಜುಗೊಳದ ಅಂಚಿನ ಸರಳು ನೆನಪಾಯಿತು, ಅದರ ಹಿಂದೆಯೇ ಬ್ಯಾಡಗಿಯ ಚನಬಸಪ್ಪ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ, ಅವನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಇಬ್ಬರೂ ಕರ್ಜಗಿ ಕಡೆಯ ಒಂದೇ ಬಾವಿಯಲ್ಲಿ ಈಜು ಕಲಿತವರು. ಇಬ್ಬರಿಗೂ ಅರವತ್ತು ದಾಟಿತ್ತು. ಹಿರಿಯರಿಗೆ ಐವತ್ತು ಮೀಟರ್ ಈಜಿನ ಸ್ಪರ್ಧೆ ಇದೆಯಂತೆ, ಕೊಳದ ಆ ತುದಿಗೆ ಹೋಗಿ ತಿರುಗಿ ಬಂದರೆ ಆಯಿತಂತೆ ಎಂದು ಸುದ್ದಿ ತಂದವನು ಚನಬಸಪ್ಪನೇ. ತಂದವನು ಸುಮ್ಮನಿರಬೇಕಲ್ಲ? ತನ್ನ ಜೊತೆ ನನ್ನ ಹೆಸರನ್ನೂ ಬರೆಸಿ, ಪದಕ ತರುತ್ತೇನೆಂದು ಇಡೀ ಮಾರ್ಕೆಟ್ಟಿಗೆ ಹೇಳಿಬಿಟ್ಟ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಸೀನಿದ್ದನ್ನು ಮರೆಯುತ್ತಾರೆ, ಆಡಿದ ಮಾತನ್ನು ಮರೆಯುವುದಿಲ್ಲ. ಅವನ ಬಲಭುಜವೋ ಮೊದಲೇ ಕೆಟ್ಟಿತ್ತು. ಇನ್ನೊಮ್ಮೆ ಹಿಡಿಯಿತೆಂದರೆ ಈಜು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಅಂತೂ ಪದಕವೂ ಬರಬೇಕು, ಭುಜವೂ ಉಳಿಯಬೇಕು.

ಹಾವೇರಿಯ ಈಜುಗೊಳದಲ್ಲಿ ಕಲಿಸಲು ಸಿಕ್ಕವರು ನಾಜನೀನ್ ಮೇಡಂ, ನಮ್ಮ ಮಕ್ಕಳ ವಯಸ್ಸಿನವರು. ಅವರ ಪಾಠದಲ್ಲಿ ಈಜುವುದಕ್ಕಿಂತ ಈಜದಿರುವುದೇ ಹೆಚ್ಚು. ಮೊದಲು ನಿಧಾನಕ್ಕೆ ಮೈ ಕಾಯಿಸಿಕೊಳ್ಳಬೇಕು. ಆಮೇಲೆ ಈ ಗೋಡೆಯಿಂದ ಆ ಗೋಡೆಗೆ ಜೋರಾಗಿ ಹೊಡೆದು ನಿಲ್ಲಬೇಕು. "ಗ್ವಾಡಿ ಹಿಡಕೊಂಡು ನಿಂದರ್ರಿ ಕಾಕಾ. ಉಸರು ಪೂರಾ ಇಳೀಲಿ, ಆಮ್ಯಾಲೆ ಮತ್ತ ಹೊಡೀರಿ. ನಿಮ್ಮ ವಯಸ್ಸಿಗೆ ಜೋರು ಬೇಕು, ದಣಿವು ಬ್ಯಾಡ." ಇವತ್ತು ಈಜಿದರೆ ನಾಳೆ ರಜಾ. ಇಂಥ ತಾಲೀಮು ಸಿಕ್ಕರೆ ಯಾರು ಒಲ್ಲೆ ಎನ್ನುತ್ತಾರೆ?

ನಾವು ಒಲ್ಲೆ ಎಂದೆವು, ಬಾಯಿಬಿಟ್ಟಲ್ಲ. ಬಾವಿಯ ಕಲ್ಲು ಹಿಡಿಯುವವರು ಯಾರು ಹೇಳಿ? ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿಯುವವರು. ಬುರುಡೆ ಬಿಚ್ಚಿದ ದಿನದಿಂದ ಕಲ್ಲು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೇಲೆ ಕೂತವರು "ಬುರಡಿ ತರ್ರೋ ಇವಗ" ಎಂದು ನಗುತ್ತಿದ್ದರು. ದಣಿದರೆ ನಡುನೀರಿನಲ್ಲೇ ಕಾಲಾಡಿಸುತ್ತ, ಏನೂ ಆಗದವರಂತೆ ಊರ ಸುದ್ದಿ ಮಾತಾಡುತ್ತ ನಿಲ್ಲಬೇಕು. ಈ ಮರ್ಯಾದೆಯನ್ನು ಹಾವೇರಿಯ ಕೊಳಕ್ಕೂ ಹೊತ್ತು ತಂದಿದ್ದೆವು. ಮೇಡಂ ವಿಶ್ರಾಂತಿ ಎಂದಾಗಲೆಲ್ಲ ಗೋಡೆಯಿಂದ ಒಂದು ಮಾರು ದೂರ ಉಳಿದು, ಕೈಕಾಲು ಬಡಿಯುತ್ತ ಮಳೆ-ಬೆಳೆ ಮಾತಾಡಿದೆವು. ಈಜಿ ದಣಿದದ್ದಕ್ಕಿಂತ ವಿಶ್ರಾಂತಿಗೇ ಹೆಚ್ಚು ದಣಿದೆವು.

ಚನಬಸಪ್ಪನ ಭುಜ ಮತ್ತೆ ನೋಯತೊಡಗಿತು. ಇಷ್ಟು ಕಡಿಮೆ ಈಜಿಸಿದರೂ ಹೀಗೇಕೆ ಎಂದು ಮೇಡಂಗೆ ಚಿಂತೆ. ಒಂದು ಮುಂಜಾನೆ ಅಂಚಿನಲ್ಲಿ ಕೂತು ನಮ್ಮ ವಿಶ್ರಾಂತಿಯನ್ನೇ ನೋಡಿದರು.

"ಕಾಕಾ, ಗ್ವಾಡಿ ಏನ ಕಡೀತೈತೇನ್ರಿ?"

"ಹಂಗಲ್ಲ ತಂಗಿ. ಗ್ವಾಡಿ ಹಿಡದ್ರ ಮಂದಿ ಏನಂತಾರ?" ಎಂದ ಚನಬಸಪ್ಪ.

"ಇಲ್ಲಿ ಮಂದಿ ಯಾರ ಅದಾರ್ರಿ?"

ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಮಂದಿ ಅಂದರೆ ನಾವೇ ಇಬ್ಬರು. ಅಂದಿನಿಂದ ಒಬ್ಬರಿಗೊಬ್ಬರು ಬೆನ್ನು ಮಾಡಿ ಗೋಡೆ ಹಿಡಿಯತೊಡಗಿದೆವು. ಭುಜದ ನೋವು ಇಳಿಯಿತು, ವೇಗ ಏರಿತು. ಮೇಡಂ ನಮ್ಮ ಬೆನ್ನುಗಳನ್ನು ನೋಡಿ ಏನಂದುಕೊಂಡರೋ, ಕೇಳಲು ಧೈರ್ಯವಾಗಲಿಲ್ಲ.

ಸ್ಪರ್ಧೆಯ ದಿನ ಮಾರ್ಕೆಟ್ಟಿನ ಮಂದಿ ಟೆಂಪೋ ಮಾಡಿಕೊಂಡು ಬಂದರು. ಎಡವಟ್ಟಾದದ್ದೇ ಅಲ್ಲಿ. ಚನಬಸಪ್ಪ ಎಲ್ಲರಿಗಿಂತ ಮೊದಲು ಆ ತುದಿ ಮುಟ್ಟಿದ. ಮುಟ್ಟಿದ ಎನ್ನುವುದು ನನ್ನ ಬಾಯಿಯ ರೂಢಿ, ಅವನು ಮುಟ್ಟಲಿಲ್ಲ. ಗೋಡೆ ಇನ್ನೊಂದು ಗೇಣು ಇರುವಾಗಲೇ, ಬಾವಿಯಲ್ಲಿ ಹೊರಳುವ ಹಾಗೆ ನೀರಲ್ಲೇ ಹೊರಳಿ ತಿರುಗಿದ. ಮೊದಲಿಗನಾಗಿಯೇ ಬಂದ. ಮಾರ್ಕೆಟ್ಟು ಶಿಳ್ಳೆ ಹೊಡೆಯಿತು. ತಿರುಗುವಾಗ ಗೋಡೆ ಮುಟ್ಟದವರ ಈಜು ಲೆಕ್ಕಕ್ಕಿಲ್ಲ ಎಂದರು ತೀರ್ಪುಗಾರರು. ಪದಕ ಅವನ ಹಿಂದೆ ಬಂದವರ ಕೊರಳಿಗೆ ಬಿತ್ತು. ನಾನು ಎಲ್ಲರಿಗಿಂತ ಕೊನೆ. ಗೋಡೆಯನ್ನು ಮಾತ್ರ ಭದ್ರವಾಗಿ ಮುಟ್ಟಿದ್ದೆ.

ತಿರುಗಿ ಹೊರಟಾಗ ಟೆಂಪೋದಲ್ಲಿ ಚನಬಸಪ್ಪನ ಪಕ್ಕ ಕೂತೆ. ಅವನ ಕಣ್ಣು ಕೆಂಪಗಾಗಿತ್ತು. "ಸೀಟಿನ್ಯಾಗ ಖಾರದ ಧೂಳ ಐತಿ" ಎಂದ. ಆಮೇಲೆ, ನನಗಷ್ಟೇ ಕೇಳುವ ಹಾಗೆ, "ಮಂದಿ ನೋಡಾಕತ್ತಿದ್ರಲೇ, ಕೈ ಹೋಗ್ಲಿಲ್ಲ" ಎಂದ. ನನಗೆ ಅವನಿಗಿಂತ ಹೆಚ್ಚು ಸಂಕಟವಾಯಿತು. ಯಾಕೆಂದರೆ ಆ ಮಂದಿಯಲ್ಲಿ ಮೊದಲಿನವನು ನಾನೇ ಅಲ್ಲವೇ?

ನಿನ್ನೆ ಸಂಜೆ ಚನಬಸಪ್ಪ ನಮ್ಮ ಮನೆಗೆ ಬಂದ. ನಾನು ಮೇಲೆ ನಿಂತಿದ್ದೆ. ಹೊಸ ರೇಲಿಂಗ್ ನೋಡಿದ, ನನ್ನನ್ನು ನೋಡಿದ, ಕೈ ಹಿಂದೆ ಕಟ್ಟಿಕೊಂಡ. ನಾನು ಬೆನ್ನು ತಿರುಗಿಸಿ ನಿಂತೆ. ಸ್ವಲ್ಪ ಹೊತ್ತಿಗೆ ಅವನ ಬೆರಳಿನ ಉಂಗುರ ಸ್ಟೀಲಿಗೆ ತಾಗಿದ ಸದ್ದು ಕೇಳಿತು.

ಚಹಾ ಆಯಿತು, ಮಳೆ-ಬೆಳೆ ಆಯಿತು. ಕಳಿಸಿ ಬರಲು ಅವನ ಹಿಂದೆ ಹೊರಟೆ. ಅವನು ಇಳಿದು ಕೆಳಗೆ ನಿಂತು, ಮರ್ಯಾದೆಗೆ ಬೆನ್ನು ತಿರುಗಿಸತೊಡಗಿದ. ನಾನು ಮೊದಲ ಮೆಟ್ಟಿಲಿಗೇ ರೇಲಿಂಗ್ ಹಿಡಿದೆ.

"ತಡೀಲೇ, ನಾ ಇನ್ನೂ ನೋಡಾಕತ್ತೇನಿ" ಎಂದ.

"ನೋಡಲೇ, ನೋಡು" ಎಂದೆ.